ಕುಪ್ಪಸ, ಪೋಲ್ಕಾ, ಜಂಪರು
(೧೯೨೦ರ ದಶಕದ ಉತ್ತರಾರ್ಧದಲ್ಲಿ ಕನ್ನಡ ಸ್ತ್ರೀಯರ ಹೊಲಿದ ಉಡಿಗೆ)

ರಾಜರ ಪಟ್ಟಾಭಿಷೇಕಗಳ ಮತ್ತು ಕದನಗಳ ಕಾಲವನ್ನು ನಿರ್ಣಯಿಸಲು ವಿದ್ವಾಂಸರು ಪಟ್ಟ ಶ್ರಮದ ನೂರರಲ್ಲೊಂದು ಪಾಲು ಕೂಡ ಕನ್ನಡನಾಡಿನ ಹೆಣ್ಣುಮಕ್ಕಳ ಉಡಿಗೆತೊಡಿಗೆಗಳ ಚರಿತ್ರೆಗೆ ಸಂದಿಲ್ಲ. ಸೀರೆಯ ವಿಷಯದಲ್ಲಿ ಪರಿಸ್ಥಿತಿ ಅಷ್ಟು ಶೋಚನೀಯವಾಗಿಲ್ಲ. ನೇಯ್ದ ಊರಿನ ಹೆಸರೇ ಸೀರೆಗೆ ಅಂಟಿಕೊಂಡಿರುವುದರಿಂದ ಇಳಕಲ್ಲು, ಮೊಳಕಾಲ್ಮೂರುಗಳ ವೃತ್ತಾಂತವನ್ನು ಹೇಳುವವರು ಸೀರೆಯ ವೃತ್ತಾಂತವನ್ನೂ ಹೇಳಲೇಬೇಕಾಗುತ್ತದೆ. ರವಿಕೆಗೆ ಆ ಭಾಗ್ಯವಿಲ್ಲ. ಅದು ಕತ್ತರಿ ಮತ್ತು ಸೂಜಿಗಳ ಕೆಲಸ. ಮಾಡಿದವನ ಹೆಸರೂ ಊರೂ ಅದರ ಮೇಲೆ ಇರುವುದಿಲ್ಲ. ಹಳತಾದೊಡನೆ ಅದು ಹರಿದು ಒರಸುವ ಅರಿವೆಯಾಗುತ್ತದೆ. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೋವಿಂದ ಸದಾಶಿವ ಘುರ್ಯೆಯವರು ೧೯೫೧ರಲ್ಲಿ ಭಾರತೀಯ ಉಡುಪುಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿ, ಈ ವಿಷಯವು ಪಾಂಡಿತ್ಯಕ್ಕೆ ಅಯೋಗ್ಯವಾದುದಲ್ಲವೆಂಬುದನ್ನು ತೋರಿಸಿಕೊಟ್ಟರು. ಆ ದಾರಿಯಲ್ಲಿ ನಡೆದು, ಸ್ತ್ರೀಯರ ಹೊಲಿದ ಉಡಿಗೆಯು ಒಂದು ಮುಖ್ಯ ತಿರುವನ್ನು ಪಡೆದ ೧೯೨೦ರ ದಶಕದ ಕೊನೆಯ ವರ್ಷಗಳನ್ನು, ಮುಂಬಯಿಯನ್ನೂ ಮುಂಬಯಿ ಕರ್ನಾಟಕವನ್ನೂ ಲಕ್ಷ್ಯದಲ್ಲಿಟ್ಟುಕೊಂಡು, ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಶಬ್ದಗಳ ಸಾಕ್ಷ್ಯ

ವಸ್ತು ನಶಿಸಿದಲ್ಲಿ ಶಬ್ದವು ಉಳಿದಿರುವುದುಂಟು. ಆ ಶಬ್ದಗಳನ್ನು ಆರಿಸಿಕೊಳ್ಳಲು ಮುಂಬಯಿಯ ಉಪನಗರವಾದ ವಿಕ್ರೋಳಿಯಂಥ ಸ್ಥಳವು ಬಹು ಅನುಕೂಲವಾದುದು. ೧೯೨೦ರ ದಶಕದಲ್ಲಿ ವಿಕ್ರೋಳಿಯು ಸಾಷ್ಟಿಯ ಒಂದು ಹಳ್ಳಿ; ಒಂದು ಕಡೆ ಠಾಣೆಯ ಖಾರಿ, ಉಪ್ಪಿನಾಗರಗಳು, ಕಾಂಡ್ಲ ಗಿಡಗಳ ಕೆಸರು; ಇನ್ನೊಂದು ಕಡೆ ಗುಡ್ಡ. ೧೯೪೦ರ ದಶಕದಲ್ಲಿ ಪಿರೋಜಶಾ ಗೋದ್ರೆಜರು ಅಲ್ಲಿ ವಿಶಾಲವಾದ ಭೂಮಿಯನ್ನು ಕೊಂಡ ಮೇಲೆ ಕಾರಖಾನೆಗಳೆದ್ದವು. ಅನಂತರ ಗೃಹನಿರ್ಮಾಣ ಮಂಡಳಿಯ ಟಾಗೋರ್ ನಗರ, ಕನ್ನಮವಾರ ನಗರಗಳು ಬೆಳೆದವು. ಅಲ್ಲಿಗೆ ಬಂದು ನೆಲೆಸಿದ ಕನ್ನಡಿಗರು ಒಂದೇ ಸೀಮೆಯವರಲ್ಲ. ದಕ್ಷಿಣ ಕನ್ನಡದವರು 'ರವಿಕೆ' ಎಂದರು. ಧಾರವಾಡ, ಬೆಳಗಾವಿಗಳ ಕಡೆಯವರು 'ಪೋಲ್ಕಾ' ಎಂದರು, 'ಜಂಪರು' ಎಂದರು. ವಿಜಾಪುರದ ಮುದುಕಿಯರು 'ಕುಪ್ಪಸ' ಎಂದರು. ಶಾಲೆಗೆ ಹೋಗುವ ಹುಡುಗಿಯರು 'ಬ್ಲೌಸು' ಎಂದರು. ಒಂದೇ ಓಣಿಯ ನೀರಿನ ನಳದ ಮುಂದೆ ಒಂದು ಉಡಿಗೆಗೆ ಐದು ಹೆಸರುಗಳು ಕೇಳಬರುತ್ತಿದ್ದುದು ಕೇವಲ ಪ್ರಾಂತಭೇದದ ಮಾತಲ್ಲ. ಇವುಗಳಲ್ಲಿ ಹಲವು ಹೆಸರುಗಳ ಮೇಲೆ ಅವುಗಳ ಕಾಲದ ಮುದ್ರೆ ಇದೆ.

'ಕುಪ್ಪಸ' ಎಲ್ಲಕ್ಕಿಂತ ಹಳೆಯದು. ಅಮರಕೋಶದಲ್ಲಿ ಚೋಲ, ಕೂರ್ಪಾಸಕ ಎಂಬೆರಡು ಶಬ್ದಗಳು ಒಂದೇ ಅರ್ಥದಲ್ಲಿ ಜೊತೆಯಾಗಿ ಬಂದಿವೆ. ಮೊದಲನೆಯದರ ಸಂತತಿ ಮರಾಠಿಯ 'ಚೋಳಿ'. ಎರಡನೆಯದರ ತದ್ಭವ ಕನ್ನಡದ 'ಕುಪ್ಪಸ'. 'ಪೋಲ್ಕಾ' ಎಂಬುದು ಬೊಹೀಮಿಯಾ ದೇಶದ ಒಂದು ಕುಣಿತದ ಹೆಸರು. ೧೮೪೦ರ ದಶಕದಲ್ಲಿ ಆ ಕುಣಿತವು ಯುರೋಪನ್ನೆಲ್ಲ ಮರುಳುಗೊಳಿಸಿದಾಗ, ಹೆಂಗಸರು ತೊಡುವ ಮೈಗಂಟಿದ ಒಂದು ಬಗೆಯ ಜಾಕೀಟಿಗೆ ಇಂಗ್ಲೆಂಡಿನಲ್ಲಿ ಅದೇ ಹೆಸರು ಬಿದ್ದಿತು. ಅಲ್ಲಿಂದ ಮರಾಠಿಗೆ 'ಪೋಲಕೆ'ಯಾಗಿ, ಕನ್ನಡಕ್ಕೆ 'ಪೋಲ್ಕಾ' ಆಗಿ ಇಳಿಯಿತು. 'ಜಂಪರು' ಇನ್ನೂ ಈಚಿನದು. ಮೊದಲನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಹೆಂಗಸರಲ್ಲಿ ಬಳಕೆಗೆ ಬಂದ, ತಲೆಯ ಮೇಲಿನಿಂದ ಹಾಕಿಕೊಳ್ಳುವ, ಸೊಂಟದ ಕೆಳಗೆ ಸಡಿಲವಾಗಿ ಇಳಿಬಿಡುವ ಮೇಲಂಗಿಗೆ ಆ ಹೆಸರಿದ್ದಿತು. ಹೀಗೆ 'ಪೋಲ್ಕಾ' ಎಂದವಳು ಅರಿಯದೆಯೇ ಹತ್ತೊಂಬತ್ತನೆಯ ಶತಮಾನದ ಮಾತನ್ನು ಆಡುತ್ತಾಳೆ. 'ಜಂಪರು' ಎಂದವಳು ೧೯೨೦ರ ದಶಕದ ಮಾತನ್ನು. ಆ ದಶಕದಲ್ಲಿ ಹೊಸ ಶಬ್ದವೊಂದು ಬೇಕಾಗುವಷ್ಟು ಹೊಸದಾದುದು ಏನು ನಡೆಯಿತೆಂಬುದೇ ವಿಚಾರಾರ್ಹವಾದ ಪ್ರಶ್ನೆ.

೨. ಖಣವೆಂಬ ಮಾನ

ಹೊಸದನ್ನು ತಿಳಿಯಲು ಹಳೆಯದನ್ನು ಮೊದಲು ತಿಳಿಯಬೇಕು. ಬಾದಾಮಿಯ ಸಮೀಪದ ಗುಳೇದಗುಡ್ಡದಲ್ಲಿ ನೇಯಲ್ಪಡುವ ಖಣವು ಕುಪ್ಪಸಕ್ಕೆಂದೇ ಹುಟ್ಟಿದ ಬಟ್ಟೆ. ಅದರ ಎರಡು ಕಡೆಗೂ ಅಂಚುಗಳಿರುತ್ತವೆ. ನಡುವಿನ ಮೈಮೇಲೆ ಹಾಸಿನ ಎಳೆಗಳಿಂದೆತ್ತಿದ ಸಣ್ಣ ಸಣ್ಣ ಚಿತ್ತಾರಗಳಿರುತ್ತವೆ. ಸಿಂಪಿಗನು ಈ ತುಂಡನ್ನು ಕತ್ತರಿಸುವಾಗ ನೇಕಾರನು ಕೊಟ್ಟ ಅಂಚು ತೋಳಿನ ತುದಿಗೆ ಸರಿಯಾಗಿ ಬರುವಂತೆ ನೋಡಿಕೊಳ್ಳುತ್ತಿದ್ದನು. ಕತ್ತರಿಕೆಯು ಬಹುಮಟ್ಟಿಗೆ ನೇರವಾದ ಗೆರೆಗಳಲ್ಲಿ ನಡೆಯುತ್ತಿದ್ದುದರಿಂದ ಬಟ್ಟೆಯು ವ್ಯರ್ಥವಾಗುತ್ತಿದ್ದುದು ಅತ್ಯಲ್ಪ. ಕಂಕುಳಿನಲ್ಲಿ ತೋಳು ಎತ್ತಲು ಎಡೆಯಾಗುವಂತೆ ಒಂದು ಚಿಕ್ಕ ತುಂಡನ್ನು ಸೇರಿಸುವರು. ಎದುರಿನ ಎರಡು ಅಂಚುಗಳನ್ನು ಎದೆಯ ಕೆಳಗೆ ಗಂಟು ಹಾಕಿಕೊಂಡರೆ ಆಯಿತು, ಗುಂಡಿಯ ಅವಶ್ಯಕತೆಯಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಕುಪ್ಪಸದ ನಮೂನೆಯ ಅರ್ಧವು ಮಗ್ಗದ ಮೇಲೆಯೇ ಸಿದ್ಧವಾಗುತ್ತಿದ್ದಿತೆಂಬುದು. ನೇಕಾರನ ಅಂಚು, ಸಿಂಪಿಗನ ಕತ್ತರಿ, ತೊಡುವವಳ ಗಂಟು ಈ ಮೂರೂ ಒಂದರ ಲೆಕ್ಕವನ್ನು ಇನ್ನೊಂದು ಅರಿತು ನಡೆಯುತ್ತಿದ್ದುವು. ಆದುದರಿಂದಲೇ ಖಣವೆಂಬುದು ಬಟ್ಟೆಯ ಹೆಸರಾಗಿರುವಂತೆ ಒಂದು ಮಾನವೂ ಆಗಿದೆ. ಒಂದು ಖಣವೆಂದರೆ ಒಂದು ಕುಪ್ಪಸಕ್ಕೆ ಸಾಲುವಷ್ಟು ಬಟ್ಟೆ. ಅಂಗಡಿಯಲ್ಲಿ ಅದನ್ನು ಗಜಕಡ್ಡಿಯಿಂದ ಅಳೆಯುವುದಿಲ್ಲ, ಎಣಿಸುತ್ತಾರೆ. ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಡನೆ ಮೂಲೆಮಡಿಕೆಯ ಖಣವನ್ನು ಇಡುವುದು ಇದೇ ಎಣಿಕೆಯ ಲೆಕ್ಕದಿಂದ. ಹಳೆಯ ಮೈಸೂರಿನ ಕಡೆ ತಾಂಬೂಲದಲ್ಲಿ ಕೊಡುವ 'ರವಿಕೆ ಕಣ'ವೂ ಇದೇ ಮಾನದ ಇನ್ನೊಂದು ರೂಪ.

ಹೊಲಿಗೆಯ ವೃತ್ತಿಯೂ ನಾಡಿಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬಾತನಿದ್ದುದು ವಿದಿತವೇ ಇದೆ. ನಾಮದೇವ ಸಿಂಪಿ, ಶಿವಸಿಂಪಿ ಮುಂತಾದ ಸಮುದಾಯಗಳು ಈ ಕಾಯಕವನ್ನು ತಲೆಮಾರುಗಳಿಂದ ಹಿಡಿದುಕೊಂಡು ಬಂದಿವೆ. ೧೯೨೦ರ ದಶಕದಲ್ಲಿ ಆದ ಬದಲಾವಣೆಯು ಹೊಲಿಯದ ಜನರು ಹೊಲಿಗೆಯನ್ನು ಕಲಿತ ಕಥೆಯಲ್ಲ. ಎಣಿಕೆಯ ಕತ್ತರಿಕೆಯ ಸ್ಥಾನಕ್ಕೆ ಅಳತೆಯ ಕತ್ತರಿಕೆ ಬಂದ ಕಥೆ.

೩. ಪಶ್ಚಿಮದ ಕಾಗದದ ನಮೂನೆ

ಇದೇ ಕಾಲದಲ್ಲಿ ಪಶ್ಚಿಮ ದೇಶಗಳಲ್ಲಿ ಅಳತೆಯ ಕತ್ತರಿಕೆಯು ಕಾಗದದ ಮೇಲೆ ಇಳಿದು ಮನೆಮನೆಗೂ ಹೋಗಿದ್ದಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಎಬನೆಜರ್ ಬಟರಿಕ್ ಎಂಬ ದರ್ಜಿಯು ೧೮೬೩ರಲ್ಲಿ ಬೇರೆ ಬೇರೆ ಮೈಯಳತೆಗಳಿಗೆ ತಕ್ಕಂತೆ ಕತ್ತರಿಸಿದ ಕಾಗದದ ನಮೂನೆಗಳನ್ನು ಮಾರಲಾರಂಭಿಸಿದನು. ಬಹುಕಾಲ ಆ ನಮೂನೆಗಳು ಬರಿಯ ತೆಳುಕಾಗದದ ತುಂಡುಗಳಾಗಿದ್ದು, ಅವುಗಳಲ್ಲಿ ಕೊರೆದ ತೂತುಗಳ ಗುರುತಿನಿಂದಲೇ ಹೊಲಿಯುವವಳು ಎಲ್ಲವನ್ನೂ ಅರಿತುಕೊಳ್ಳಬೇಕಾಗಿದ್ದಿತು. ೧೯೨೦ರ ಸುಮಾರಿಗೆ ಮೆಕಾಲ್ ಕಂಪನಿಯು ಗೆರೆಗಳನ್ನೂ ಸೂಚನೆಗಳನ್ನೂ ಕಾಗದದ ಮೇಲೆಯೇ ಅಚ್ಚುಹಾಕುವ ಕ್ರಮವನ್ನು ತಂದಮೇಲೆ ಹೊಲಿಗೆಯು ಇನ್ನಷ್ಟು ಸುಲಭವಾಯಿತು.

ಆ ದಶಕದ ಉಡಿಗೆಯ ರೂಪವೂ ಇದಕ್ಕೆ ಒತ್ತಾಸೆಯಾಯಿತು. ನಡುವನ್ನು ಬಿಗಿದು ಕಟ್ಟುವ ಹಳೆಯ ಪದ್ಧತಿಯು ಹಿಂದೆ ಸರಿದು, ಭುಜದಿಂದ ನೇರವಾಗಿ ಇಳಿಯುವ, ಸೊಂಟಪಟ್ಟಿಯು ಕಟಿಯ ಮೇಲೆ ಸಡಿಲವಾಗಿ ಕುಳಿತಿರುವ ಅಂಗಿಗಳು ಬಳಕೆಗೆ ಬಂದವು. ಕೆಳಗಿನ ಅಂಚು ೧೯೨೬-೨೭ರ ಹೊತ್ತಿಗೆ ಮೊಣಕಾಲಿನವರೆಗೆ ಏರಿ, ೧೯೨೯ರ ಕೊನೆಯಲ್ಲಿ ಮತ್ತೆ ಇಳಿಯತೊಡಗಿತು. ಅಮೆರಿಕದ ಮೇರಿ ಬ್ರೂಕ್ಸ್ ಪಿಕನ್ ಎಂಬಾಕೆ ಒಂದೇ ಗಂಟೆಯಲ್ಲಿ ಹೊಲಿದು ಮುಗಿಸಬಹುದಾದ ಅಂಗಿಯ ಕ್ರಮವನ್ನು ೧೯೨೦ರ ದಶಕದಲ್ಲಿ ಪ್ರಚಾರ ಮಾಡಿದಳು. ಬಟ್ಟೆಯನ್ನು ಮಡಿಸಿ, ಕೆಲವೇ ನೇರ ಗೆರೆಗಳಲ್ಲಿ ಕತ್ತರಿಸಿ, ಎರಡು ಬದಿಗಳನ್ನು ಹೊಲಿದರೆ ಅಂಗಿ ಸಿದ್ಧ. ಬಟ್ಟೆಯನ್ನು ವ್ಯರ್ಥಗೊಳಿಸದ ಈ ನೇರ ಕತ್ತರಿಕೆಯ ತತ್ತ್ವವನ್ನು ಗುಳೇದಗುಡ್ಡದ ಖಣವನ್ನು ಕತ್ತರಿಸುವ ಸಿಂಪಿಗನು ಹಿಂದಿನಿಂದಲೂ ಬಲ್ಲವನಾಗಿದ್ದನೆಂಬುದು ಚರಿತ್ರೆಯ ವಿನೋದಗಳಲ್ಲೊಂದು. ಪಶ್ಚಿಮವು ನೇರ ಗೆರೆಯ ಕಡೆಗೆ ತಿರುಗಿದ ಹೊತ್ತಿನಲ್ಲಿಯೇ ಕನ್ನಡದ ಸ್ತ್ರೀಯು ಪಶ್ಚಿಮದ ಹೆಸರಿನಲ್ಲಿ ತನ್ನ ನೇರ ಗೆರೆಯ ಕುಪ್ಪಸವನ್ನು ಬಿಟ್ಟಳು.

೪. ಮುಂಬಯಿಯ ದಾರಿ

ಈ ಬದಲಾವಣೆಯು ಕನ್ನಡನಾಡಿಗೆ ಬಂದ ಹೆದ್ದಾರಿಯು ಮುಂಬಯಿ. ಇದಕ್ಕೆ ಹಿಂದಿನ ಒಂದು ನಿದರ್ಶನವೂ ಉಂಟು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಭಾರತೀಯರಲ್ಲಿ ಮೊದಲಿಗರಾದ ಸತ್ಯೇಂದ್ರನಾಥ ಠಾಕೂರರು ೧೮೬೪ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಾಗ, ಅವರ ಪತ್ನಿ ಜ್ಞಾನದಾನಂದಿನೀ ದೇವಿಯವರು ಪಾರ್ಸಿ ಹೆಂಗಸರ ಉಡಿಗೆಯನ್ನು ನೋಡಿ, ಒಳಲಂಗ, ರವಿಕೆಗಳೊಡನೆ ಸೀರೆಯುಡುವ ಒಂದು ಹೊಸ ಕ್ರಮವನ್ನು ರೂಪಿಸಿ ಬಂಗಾಳಕ್ಕೆ ಒಯ್ದರು. ಮುಂದೆ ಅದೇ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಕನ್ನಡ ಸ್ತ್ರೀಯರಿಗೆ ಬಂಗಾಳದವರಷ್ಟು ಬದಲಾವಣೆ ಅಗತ್ಯವಿರಲಿಲ್ಲ, ಕುಪ್ಪಸವು ಅವರಿಗೆ ಮೊದಲೇ ಇದ್ದಿತು. ಆದರೆ ಮುಂಬಯಿಯ ಗಿರಗಾಂವ, ಗಾಮದೇವಿಗಳಲ್ಲಿ ನೆಲೆಸಿದ ಕುಟುಂಬಗಳ ಹುಡುಗಿಯರು ಶಾಲೆ ಕಾಲೇಜುಗಳಿಗೆ ಹೋಗತೊಡಗಿದಂತೆ ಕಚ್ಚೆ ಹಾಕುವ ಹದಿನೆಂಟು ಮೊಳದ ಸೀರೆಯನ್ನು ಬಿಟ್ಟು, ಮರಾಠಿಯಲ್ಲಿ 'ಗೋಲ್' ಎಂದು ಕರೆಯುವ, ಕಚ್ಚೆಯಿಲ್ಲದ ಚಿಕ್ಕ ಸೀರೆಯ ಕಡೆಗೆ ತಿರುಗಿದರು. ಕಚ್ಚೆಯ ಸೀರೆಗೆ ಒಳಲಂಗ ಬೇಡ. ಗೋಲ್ ಸೀರೆಗೆ ಲಾಡಿಯ ಲಂಗವಿಲ್ಲದೆ ನಡೆಯದು. ಸೀರೆಯ ಉದ್ದವು ಕಡಿಮೆಯಾದಂತೆ ಹೊಲಿಗೆಯ ಕೆಲಸವು ಹೆಚ್ಚಾಯಿತು.

ಹೊಸ ರೂಪಗಳನ್ನು ಜನರ ಕಣ್ಣಿಗೆ ತಂದವುಗಳಲ್ಲಿ ರಂಗಭೂಮಿಯೂ ಚಲಚ್ಚಿತ್ರವೂ ಮುಖ್ಯವಾದುವು. ಸ್ತ್ರೀಪಾತ್ರಗಳಲ್ಲಿ ಅದ್ವಿತೀಯರೆನಿಸಿದ ಬಾಲಗಂಧರ್ವರು ಸೀರೆಯುಟ್ಟ ಬಗೆ, ತೊಟ್ಟ ರವಿಕೆಯ ತೋಳು, ಮುಡಿದ ಹೂವುಗಳನ್ನು ಗೃಹಿಣಿಯರು ಅನುಕರಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಇಂಪೀರಿಯಲ್ ಫಿಲ್ಮ್ ಕಂಪನಿಯ ಮೂಕಚಿತ್ರಗಳಲ್ಲಿ ಸುಲೋಚನಾ ಎಂಬ ಹೆಸರಿನಿಂದ ವಿಖ್ಯಾತಳಾದ ರೂಬಿ ಮೈಯರ್ಸ್ ೧೯೨೭ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ' ಮುಂತಾದ ಚಿತ್ರಗಳಲ್ಲಿ ಲಂಡನ್ನಿನ ವೇಷಭೂಷಣಗಳನ್ನು ಬೆಳ್ಳಿಯ ಪರದೆಗೆ ತಂದಳು. ಪುರುಷನೊಬ್ಬನು ತೊಟ್ಟ ಕುಪ್ಪಸವನ್ನೂ ನಟಿಯೊಬ್ಬಳು ತೊಟ್ಟ ಅಂಗಿಯನ್ನೂ ಒಂದೇ ಪೇಟೆಯ ಪ್ರೇಕ್ಷಕರು ಒಂದೇ ವಾರದಲ್ಲಿ ನೋಡಬಹುದಾಗಿದ್ದಿತು. ಎರಡೂ ಸೇರಿದಲ್ಲಿ ಜಂಪರು ಹುಟ್ಟಿತು. ಎದೆಯ ಕೆಳಗಿನ ಗಂಟು ಹೋಗಿ ಗುಂಡಿಗಳು ಬಂದವು, ಮೈ ಸಡಿಲವಾಗಿ ಸೊಂಟದವರೆಗೆ ಇಳಿಯಿತು, ತೋಳು ಗಿಡ್ಡವಾಯಿತು, ಕೊರಳಿನ ಕತ್ತರಿಕೆಯಲ್ಲಿ ಚೌಕ, ಗುಂಡು ಮುಂತಾದ ಭೇದಗಳು ಕಾಣಿಸಿಕೊಂಡವು.

ಇವೆಲ್ಲಕ್ಕೂ ಆಧಾರವಾಗಿ ನಿಂತುದು ಹೊಲಿಗೆಯ ಯಂತ್ರ. ಐಸಾಕ್ ಸಿಂಗರನು ೧೮೫೧ರಲ್ಲಿ ಹಕ್ಕುಪತ್ರ ಪಡೆದ ಯಂತ್ರವು ೧೮೭೦ರ ದಶಕದಲ್ಲಿ ಭಾರತದ ಪೇಟೆಗೆ ಬಂದಿತು. ಆ ಕಂಪನಿಯ ಭಾರತದ ವ್ಯವಹಾರವನ್ನು ದೀರ್ಘಕಾಲ ಮುಂಬಯಿಯಿಂದ ನಡೆಸಿದವರು ಪಾರ್ಸಿ ಗೃಹಸ್ಥರಾದ ಎನ್. ಎಂ. ಪಟೇಲರು. ಯಂತ್ರದ ಪ್ರಸಾರಕ್ಕೆ ಅದರ ಯಾಂತ್ರಿಕ ಗುಣದಷ್ಟೇ ಕಾರಣವಾದುದು ಅದನ್ನು ಮಾರುವ ಕ್ರಮ. ಸಿಂಗರ್ ಕಂಪನಿಯು ಅಮೆರಿಕದಲ್ಲಿ ೧೮೫೬ರಲ್ಲಿಯೇ ಕಂತುಗಳ ಮೇಲೆ ಮಾರುವ ಪದ್ಧತಿಯನ್ನು ಹಿಡಿದಿದ್ದು, ಭಾರತದಲ್ಲಿಯೂ ಅದನ್ನೇ ಅನುಸರಿಸಿತು. ಒಮ್ಮೆಗೆ ಬೆಲೆ ತೆರಲಾರದ ದರ್ಜಿಯು ಯಂತ್ರದ ದುಡಿಮೆಯಿಂದಲೇ ಯಂತ್ರದ ಬೆಲೆಯನ್ನು ತೀರಿಸಬಹುದಾಯಿತು. ಲೇವಾದೇವಿಯವನಲ್ಲಿ ಒಡವೆಯನ್ನೋ ಹೊಲವನ್ನೋ ಒತ್ತೆಯಿಟ್ಟು ಸಾಲ ತರುವುದೇ ವಾಡಿಕೆಯಾಗಿದ್ದ ಕಾಲದಲ್ಲಿ, ಕೊಂಡ ವಸ್ತುವೇ ತನಗೆ ತಾನು ಜಾಮೀನಾಗಿ ನಿಲ್ಲುವ ಈ ವ್ಯವಹಾರವು ಬಡವರ ಲೆಕ್ಕಪತ್ರದಲ್ಲಿ ಒಂದು ಹೊಸ ಅಧ್ಯಾಯವೇ ಸರಿ.

ಹೆಂಗಸರ ಕೈಗೆ ಯಂತ್ರವು ಬರುವುದಕ್ಕೆ ಸಂಸ್ಥೆಗಳು ನೆರವಾದುವು. ಬೆಹ್ರಾಮಜಿ ಮಲಬಾರಿ ಮತ್ತು ದಯಾರಾಮ ಗಿದುಮಲ್ಲರು ೧೯೦೮ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೇವಾಸದನ, ೧೯೦೯ರಲ್ಲಿ ಪುಣೆಯಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ ಆರಂಭವಾದ ಸೇವಾಸದನ ಇವೆರಡರಲ್ಲಿಯೂ ಹೊಲಿಗೆಯು ಪಾಠಗಳಲ್ಲೊಂದಾಗಿದ್ದಿತು. ವಿಧವೆಗೆ, ಗಂಡನ ಆಶ್ರಯವಿಲ್ಲದವಳಿಗೆ ಮನೆಯ ಹೊಸ್ತಿಲು ದಾಟದೆ ನಾಲ್ಕು ಕಾಸು ಸಂಪಾದಿಸಲು ಅಂದು ಇದ್ದ ದಾರಿಗಳು ಕೆಲವೇ ಕೆಲವು. ಇತರರ ಮನೆಯಲ್ಲಿ ಅಡಿಗೆ ಮಾಡುವುದಕ್ಕಿಂತ ತನ್ನ ಮನೆಯಲ್ಲಿ ಯಂತ್ರದ ಮುಂದೆ ಕುಳಿತುಕೊಳ್ಳುವುದರಲ್ಲಿ ಮಾನವು ಹೆಚ್ಚಾಗಿದ್ದಿತು. ಜಂಪರನ್ನು ಬರಿಯ ಶೋಕಿಯೆಂದು ಹಳಿದ ಹಿರಿಯರು ಅದರ ಹೊಲಿಗೆಯಿಂದ ಬದುಕಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

೫. ಅಳತೆಯ ರವಿಕೆ

ಹೀಗೆ ಯಂತ್ರವು ಬಂದಿತು, ಹೊಸ ರೂಪವೂ ಬಂದಿತು. ಆದರೆ ಪಶ್ಚಿಮದಲ್ಲಿ ಇವೆರಡಕ್ಕೂ ಸೇತುವೆಯಾಗಿದ್ದ ಕಾಗದದ ನಮೂನೆಯು ಮಾತ್ರ ಕನ್ನಡಿಗರ ಮನೆಗಳಲ್ಲಿ ಬೇರೂರಲಿಲ್ಲ. ವೈಟವೇ ಲೇಡ್‌ಲಾ, ಆರ್ಮಿ ಅಂಡ್ ನೇವಿ ಮುಂತಾದ ಮುಂಬಯಿಯ ದೊಡ್ಡ ಮಳಿಗೆಗಳ ಗಿರಾಕಿಗಳಾದ ಆಂಗ್ಲ ಮಹಿಳೆಯರ ವರಾಂಡಗಳಲ್ಲಿ ಕುಳಿತ ದರ್ಜಿಗಳು ಪತ್ರಿಕೆಯ ಚಿತ್ರವನ್ನು ನೋಡಿಯೇ ಅಂಗಿಯನ್ನು ಹೊಲಿದುಕೊಡುತ್ತಿದ್ದರು. ಕಾಗದದ ನಮೂನೆಯು ಬೇರೂರದಿರುವುದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಅದರ ಸೂಚನೆಗಳು ಇಂಗ್ಲಿಷಿನಲ್ಲಿದ್ದುವು. ಅದರ ಅಳತೆಗಳು ಬೇರೊಂದು ದೇಶದ ಮೈಕಟ್ಟನ್ನು ಅನುಸರಿಸಿದ್ದುವು. ದರ್ಜಿಯ ಕೂಲಿಯು ಅಗ್ಗವಾಗಿದ್ದುದರಿಂದ ಮನೆಯಲ್ಲಿಯೇ ಹೊಲಿದು ಉಳಿಸುವ ಹಣವು ಹೆಚ್ಚಿನದಾಗಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಉಡಿಗೆಯ ಮುಖ್ಯ ಭಾಗವಾದ ಸೀರೆಯು ಹೊಲಿಗೆಯನ್ನೇ ಬೇಡದ ವಸ್ತ್ರವಾದುದರಿಂದ, ಋತುಋತುವಿಗೂ ಹೊಸ ನಮೂನೆಯನ್ನು ಕೊಳ್ಳುವ ಪ್ರಮೇಯವೇ ಇರಲಿಲ್ಲ.

ಕಾಗದದ ಬದಲಿಗೆ ಇಲ್ಲಿ ನಿಂತ ಉಪಾಯವು 'ಅಳತೆಯ ರವಿಕೆ'. ಚೆನ್ನಾಗಿ ಕೂಡಿಬಂದ ಒಂದು ಹಳೆಯ ರವಿಕೆಯನ್ನು ಹೊಸ ಬಟ್ಟೆಯೊಡನೆ ದರ್ಜಿಗೆ ಕೊಟ್ಟರೆ ಅವನು ಅದನ್ನು ಹಾಸಿ ಅದರಂತೆಯೇ ಕತ್ತರಿಸುವನು. ಮುಂಬಯಿಯಲ್ಲಿ ಇದನ್ನು 'ಮಾಪಿನ ಬ್ಲೌಸು' ಎಂದು ಕರೆಯುವರು. ವಿಕ್ರೋಳಿಯ ದರ್ಜಿಯ ಅಂಗಡಿಯಲ್ಲಿ ಇಂದಿಗೂ ಈ ಕ್ರಮವನ್ನು ಕಾಣಬಹುದು. ಇದರ ಹಿಂದೆ ಒಂದು ಸಾಮಾಜಿಕ ವಿವೇಕವೂ ಇದ್ದಿತೆಂದು ಊಹಿಸಬಹುದು. ಎಣಿಕೆಯ ಖಣದ ಕಾಲದಲ್ಲಿ ಅಂಗುಲ ಅಂಗುಲವಾಗಿ ಮೈಯಳತೆಯನ್ನು ತೆಗೆಯುವ ಪ್ರಸಂಗವು ವಿರಳ. ಏರುಪೇರನ್ನು ಮುಂದಿನ ಗಂಟೇ ಸರಿಮಾಡುತ್ತಿದ್ದಿತು. ಗುಂಡಿಯ ಜಂಪರಿಗೆ ಅಳತೆಯು ಅವಶ್ಯಕ. ಆದರೆ ಪರಪುರುಷನಾದ ದರ್ಜಿಯು ಟೇಪು ಹಿಡಿದು ಮುಂದೆ ನಿಲ್ಲುವುದು ಅಂದಿನ ಮನೆತನಗಳಿಗೆ ಸಹ್ಯವಾದ ಸಂಗತಿಯಲ್ಲ. ಹಳೆಯ ರವಿಕೆಯೇ ಮೈಯ ಪ್ರತಿನಿಧಿಯಾಗಿ ಅಂಗಡಿಗೆ ಹೋಗಿಬರುವುದರಿಂದ ಈ ಇಕ್ಕಟ್ಟು ಪರಿಹಾರವಾಯಿತು. ಪಶ್ಚಿಮದ ನಮೂನೆಯು ಸರ್ವಸಾಧಾರಣವಾದ ಒಂದು ದೇಹವನ್ನು ಕಲ್ಪಿಸಿ ಎಲ್ಲರನ್ನೂ ಅದಕ್ಕೆ ಹೊಂದಿಸಿತು. ಇಲ್ಲಿಯ ನಮೂನೆಯು ಒಬ್ಬೊಬ್ಬಳಿಗೂ ಬೇರೆಯಾಗಿ, ಅವಳ ಪೆಟ್ಟಿಗೆಯಲ್ಲಿಯೇ ಉಳಿಯಿತು. ಇದರ ಫಲವಾಗಿ ಚರಿತ್ರಕಾರನಿಗೆ ನಷ್ಟವಾಯಿತು. ಪಶ್ಚಿಮದ ೧೯೨೦ರ ದಶಕದ ನಮೂನೆಗಳು ಸಾವಿರಗಟ್ಟಲೆ ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ಕನ್ನಡ ಸ್ತ್ರೀಯರ ನಮೂನೆಗಳು ಸವೆದು ಹರಿದುಹೋದುವು.

೬. ಖಾದಿ, ಮತ್ತು ಮಗ್ಗದ ಪಾಡು

ಈ ಕಾಲದ ಚಿತ್ರವು ಖಾದಿಯ ವಿಚಾರವಿಲ್ಲದೆ ಪೂರ್ಣವಾಗದು. ಯಂತ್ರಗಳ ವಿಷಯದಲ್ಲಿ ಕಠೋರರಾಗಿದ್ದ ಮಹಾತ್ಮಾ ಗಾಂಧಿಯವರು ೧೯೨೪ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆಯ ಯಂತ್ರಕ್ಕೆ ಮಾತ್ರ ವಿನಾಯಿತಿಯನ್ನು ತೋರಿದರು. ಹೆಂಡತಿಯ ಶ್ರಮವನ್ನು ನೋಡಲಾರದೆ ಪ್ರೀತಿಯಿಂದ ನಿರ್ಮಿಸಿದ ಯಂತ್ರವದು ಎಂಬುದು ಅವರ ಭಾವನೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನಡೆಯಿತು. ಅಲ್ಲಿ ಸ್ವಯಂಸೇವಕಿಯರ ದಳವನ್ನು ಕಟ್ಟಿ ನಡೆಸಿದ ಉಮಾಬಾಯಿ ಕುಂದಾಪುರರು ಮುಂಬಯಿಯಲ್ಲಿ ಬೆಳೆದು ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದವರು. ೧೯೩೦ರಲ್ಲಿ ಮುಂಬಯಿಯ ದೇಶಸೇವಿಕೆಯರು ಕೇಸರಿ ಬಣ್ಣದ ಖಾದಿಯನ್ನುಟ್ಟು ಬೀದಿಗಿಳಿದರು. ಜಂಪರಿನ ನಯವಾದ ವಿಲಾಯತಿ ಬಟ್ಟೆಯು ಹೋಗಿ ಒರಟು ಖಾದಿಯು ಬಂದಿತು. ಆದರೆ ಖಾದಿಯನ್ನು ತೊಟ್ಟವಳು ಗಂಟಿನ ಕುಪ್ಪಸಕ್ಕೆ ಹಿಂದಿರುಗಲಿಲ್ಲ. ಬಟ್ಟೆಯು ಸ್ವದೇಶಿಯಾದರೂ ಕತ್ತರಿಕೆಯು ಹೊಸದಾಗಿಯೇ ಉಳಿಯಿತು. ಅವಳಿಗೆ ಬೇಕಾಗಿದ್ದುದು ತೋಳೆತ್ತಿ ಬಾವುಟ ಹಿಡಿಯಲು, ಗುಂಪಿನಲ್ಲಿ ನಡೆಯಲು ಅಡ್ಡಿಯಾಗದ, ಹೊಟ್ಟೆಯನ್ನು ಮುಚ್ಚುವ ಒಂದು ಉಡಿಗೆ.

ಈ ಸ್ವಾತಂತ್ರ್ಯದ ಬೆಲೆಯನ್ನು ತೆತ್ತವರಲ್ಲಿ ಖಣದ ನೇಕಾರರೂ ಸೇರಿದ್ದರು. ಎಣಿಸಿ ಕೊಳ್ಳುವ ಬಟ್ಟೆಯ ಸ್ಥಾನಕ್ಕೆ ವಾರಿನಿಂದ ಅಳೆದು ಕೊಳ್ಳುವ ಗಿರಣಿಯ ಬಟ್ಟೆಯು ಬಂದೊಡನೆ ನೇಕಾರನ ಅಂಚಿಗೆ ಕೆಲಸವಿಲ್ಲದಾಯಿತು. ಕೊರಳನ್ನೂ ಕಂಕುಳನ್ನೂ ಬಾಗುಗೆರೆಯಲ್ಲಿ ಕತ್ತರಿಸುವ ಜಂಪರಿಗೆ ಉದ್ದವಾದ ಸಾದಾ ಬಟ್ಟೆಯು ಅನುಕೂಲ. ಗಿಡ್ಡ ತೋಳಿನಲ್ಲಿ, ಸಡಿಲ ಮೈಯಲ್ಲಿ ಖಣದ ಅಂಚು ಎಲ್ಲಿ ಬರಬೇಕೆಂಬುದೇ ಪ್ರಶ್ನೆ. ಇಳಕಲ್ಲಿನ ಸೀರೆಯು ಕೃತಕ ರೇಶಿಮೆಯ ನೂಲನ್ನು ಹಿಡಿದು 'ಚಮಕಾ' ಎಂಬ ಹೊಸ ಹೆಸರಿನಿಂದ ಪೇಟೆಯಲ್ಲಿ ನಿಂತಿತು. ನೂಲನ್ನು ಬದಲಿಸಿದರೆ ಸೀರೆಯು ಉಳಿಯಬಲ್ಲುದು. ಖಣದ ಕಷ್ಟವು ನೂಲಿನದಲ್ಲ, ಆಕಾರದ್ದು. ತಾನು ಯಾವ ಕತ್ತರಿಕೆಗಾಗಿ ಹುಟ್ಟಿತ್ತೋ ಆ ಕತ್ತರಿಕೆಯೇ ಮರೆಯಾದಾಗ ಅದಕ್ಕೆ ನಿತ್ಯಜೀವನದಲ್ಲಿ ಸ್ಥಳವು ಕಿರಿದಾಯಿತು. ಅದನ್ನು ಕಾಪಾಡಿದ್ದು ಉಡಿ ತುಂಬುವ ಆಚಾರ. ಕತ್ತರಿಸಿ ತೊಡುವವರು ಕಡಿಮೆಯಾದರೂ ಮಡಿಸಿ ಕೊಡುವವರು ಕಡಿಮೆಯಾಗಲಿಲ್ಲ.

ಒಟ್ಟಿನಲ್ಲಿ ೧೯೨೦ರ ದಶಕದ ಕೊನೆಯ ವರ್ಷಗಳಲ್ಲಿ ಕನ್ನಡ ಸ್ತ್ರೀಯರ ಉಡಿಗೆಯಲ್ಲಿ ನಡೆದುದನ್ನು ಪಶ್ಚಿಮದ ಅನುಕರಣವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸರಿಯಾಗದು. ಹೆಸರು ಪಶ್ಚಿಮದಿಂದ ಬಂದಿತು, ಯಂತ್ರವು ಪಶ್ಚಿಮದಿಂದ ಬಂದಿತು; ಆದರೆ ನಮೂನೆಯನ್ನು ಕಾಪಾಡುವ ಕ್ರಮವನ್ನು ಇಲ್ಲಿಯ ಹೆಂಗಸರೂ ದರ್ಜಿಗಳೂ ಸೇರಿ ತಾವೇ ಕಂಡುಕೊಂಡರು. ಗಳಿಸಿದುದು ದುಡಿಮೆಯ ಒಂದು ದಾರಿ ಮತ್ತು ಕೈಕಾಲುಗಳ ಸರಾಗ. ಕಳೆದುಕೊಂಡುದು ಮಗ್ಗಕ್ಕೂ ಕತ್ತರಿಗೂ ನಡುವಿದ್ದ ಒಂದು ಹಳೆಯ ಒಪ್ಪಂದ. ಇವೆರಡನ್ನೂ ತೂಗಿ ನೋಡಬೇಕಾದರೆ ಸಾಮಗ್ರಿಯು ಬೇಕು. ಮುಂಬಯಿಯ ಕನ್ನಡ ಮನೆಗಳ ಟ್ರಂಕುಗಳಲ್ಲಿ ಅಜ್ಜಿಯ ಕಾಲದ ಒಂದು ಕುಪ್ಪಸವೋ ಜಂಪರೋ ಇನ್ನೂ ಉಳಿದಿರುವುದು ಅಸಂಭವವಲ್ಲ. ಅಂಥದೊಂದು ದೊರೆತಲ್ಲಿ ಅದರ ಹೊಲಿಗೆಯನ್ನು ಬಿಚ್ಚದೆ, ತೊಟ್ಟವಳ ಊರನ್ನೂ ಅವಳು ಅದನ್ನು ಕರೆಯುತ್ತಿದ್ದ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ, ಮುಂದಿನ ಸಂಶೋಧಕನಿಗೆ ಅದು ಒಂದು ತಾಮ್ರಶಾಸನಕ್ಕಿಂತ ಕಡಿಮೆಯ ಆಧಾರವಾಗಲಾರದು.